ಬೀಗವಿಲ್ಲದ ವೈ-ಫೈ: ಬಳಸಿದರೆ ತಪ್ಪೇನು?

ವಿಜಯಪುರ: ಪಾಸ್‌ವರ್ಡ್ ಇಲ್ಲದ ವೈ-ಫೈ ಸಂಪರ್ಕವನ್ನು ಮಾಲೀಕರ ಅನುಮತಿಯಿಲ್ಲದೆ ಬಳಸುವುದು ಚಿಕ್ಕ ಸಂಗತಿಯಾಗಿ ಕಂಡರೂ ಅದರಲ್ಲಿ ನೀತಿ ಮತ್ತು ಕಾನೂನು ಎರಡರ ಪ್ರಶ್ನೆಯೂ ಇದೆ. ತಿಕೋಟಾ ಅಥವಾ ಬಬಲೇಶ್ವರದಿಂದ ಓದಲು ಬಂದು ನಗರದ ಬಾಡಿಗೆ ಕೋಣೆಯಲ್ಲಿರುವ ವಿದ್ಯಾರ್ಥಿಯ ಮೊಬೈಲಿನಲ್ಲಿ ಪಕ್ಕದ ಮನೆಯ ಜಾಲ ತಾನಾಗಿ ಕಾಣಿಸಿಕೊಂಡರೆ ಅದು ಆಹ್ವಾನವೇ?

ಬಾವಡಿಯೋ, ಮನೆಯ ನಲ್ಲಿಯೋ?

ರೌಟರ್‌ನ ರೇಡಿಯೊ ತರಂಗಗಳಿಗೆ ಮನೆಯ ಗೋಡೆ ಗಡಿಯಲ್ಲ. ಜಾಲದ ಹೆಸರು ಹೊರಗೆ ಕಾಣುವುದು ತಾಂತ್ರಿಕ ಏರ್ಪಾಡು ಮಾತ್ರ. ಅದರಿಂದ ಮಾಲೀಕರ ಸಮ್ಮತಿ ಇದೆಯೆಂದಾಗದು. ಆದಿಲ್ ಶಾಹಿ ಕಾಲದ ತಾಜ್ ಬಾವಡಿ, ಚಾಂದ್ ಬಾವಡಿಗಳು ಊರಿಗೆ ನೀರುಣಿಸಲೆಂದೇ ನಿರ್ಮಾಣವಾದವು. ಮನೆಯಂಗಳದ ನಲ್ಲಿ ಹಾಗಲ್ಲ. ಗೇಟಿಗೆ ಬೀಗವಿಲ್ಲದಿದ್ದರೂ ಕೇಳಿಯೇ ಕೊಡ ತುಂಬಿಸುವುದು ರೂಢಿ. 2014ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ 'ನಮ್ಮ ವೈಫೈ' ಮೊದಲನೆಯ ಬಗೆಯದು. ನೆರೆಮನೆಯ ರೌಟರ್ ಎರಡನೆಯದು.

ಒಂದು ಇ-ಮೇಲ್ ನೋಡಿದರೆ ಯಾರಿಗೂ ನಷ್ಟವಿಲ್ಲ ಎಂಬ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಚಲನಚಿತ್ರ ಇಳಿಸಿಕೊಂಡರೆ ಹಣ ತೆತ್ತವರ ಡೇಟಾ ಮಿತಿ ಕರಗುತ್ತದೆ, ವೇಗ ಕುಗ್ಗುತ್ತದೆ. ಇದಕ್ಕಿಂತ ದೊಡ್ಡದು ಹೊಣೆಯ ಪ್ರಶ್ನೆ.

2008ರ ಪಾಠ

2008ರ ಜುಲೈ 26ರಂದು ಅಹಮದಾಬಾದ್ ಸರಣಿ ಸ್ಫೋಟಕ್ಕೆ ನಿಮಿಷಗಳ ಮೊದಲು ಬಂದ ಬೆದರಿಕೆ ಇ-ಮೇಲ್‌ನ ಜಾಡು ನವಿ ಮುಂಬೈಯಲ್ಲಿ ನೆಲೆಸಿದ್ದ ಅಮೆರಿಕನ್ ಪ್ರಜೆಯೊಬ್ಬರ ವೈ-ಫೈ ಸಂಪರ್ಕಕ್ಕೆ ತಲುಪಿತು. ಅವರು ವಿಚಾರಣೆ ಎದುರಿಸಬೇಕಾಯಿತು. ಸಂಪರ್ಕವನ್ನು ಬೇರೆಯವರು ಬಳಸಿದ್ದರೆಂಬುದು ಬಳಿಕ ತಿಳಿಯಿತು. ಹೊರಗಿನಿಂದ ನೋಡುವವರಿಗೆ ಕಾಣುವುದು ಮಾಲೀಕರ ಐಪಿ ವಿಳಾಸವೇ ಹೊರತು ಬಳಸಿದವರ ಮುಖವಲ್ಲ. ವೈ-ಫೈ ಸುರಕ್ಷತೆ ಕುರಿತು ದೂರಸಂಪರ್ಕ ಇಲಾಖೆ 2009ರ ಫೆಬ್ರವರಿಯಲ್ಲಿ ಸೇವಾದಾರ ಕಂಪನಿಗಳಿಗೆ ಸೂಚನೆ ಹೊರಡಿಸಿತು.

ಕಾನೂನು ಏನನ್ನುತ್ತದೆ?

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೇ ಕಲಂ ಪ್ರಕಾರ, ಅನುಮತಿಯಿಲ್ಲದೆ ಇನ್ನೊಬ್ಬರ ಕಂಪ್ಯೂಟರ್ ಜಾಲ ಪ್ರವೇಶಿಸಿದವರು ಪರಿಹಾರ ನೀಡಲು ಬಾಧ್ಯರು. ಅದೇ ಕೃತ್ಯ ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ನಡೆದರೆ 66ನೇ ಕಲಂ ಅನ್ವಯ 3 ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂ.ವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಪಾಸ್‌ವರ್ಡ್ ಇಲ್ಲದಿರುವುದೇ ಅನುಮತಿ ಎಂದು ಕಾಯ್ದೆ ಹೇಳಿಲ್ಲ. ಬ್ರಿಟನ್ನಿನಲ್ಲಿ 2005ರಲ್ಲೇ ಇಂಥ ಬಳಕೆಗಾಗಿ ವ್ಯಕ್ತಿಯೊಬ್ಬರಿಗೆ 500 ಪೌಂಡ್ ದಂಡ ಬಿದ್ದಿತ್ತು.

ಇಬ್ಬರಿಗೂ ಎಚ್ಚರ

ಬಳಸುವವರಿಗೂ ಅಪಾಯ ತಪ್ಪಿದ್ದಲ್ಲ. ತೆರೆದ ಜಾಲವನ್ನು ಬಲೆಯಾಗಿ ಒಡ್ಡುವವರೂ ಇದ್ದಾರೆ. ಅಲ್ಲಿ ಬ್ಯಾಂಕ್ ವ್ಯವಹಾರ ನಡೆಸದಿರುವುದು ಲೇಸು. ಮಾಲೀಕರು ಡಬ್ಲ್ಯುಪಿಎ2 ಅಥವಾ 2018ರಲ್ಲಿ ಬಂದ ಡಬ್ಲ್ಯುಪಿಎ3 ರಕ್ಷಣೆ ಅಳವಡಿಸಿ, ರೌಟರ್‌ನೊಂದಿಗೆ ಬಂದ ಪಾಸ್‌ವರ್ಡ್ ಬದಲಿಸಬೇಕು. 2001ರಲ್ಲೇ ದೋಷ ಬಯಲಾದ ಹಳೆಯ ಡಬ್ಲ್ಯುಇಪಿ ಪ್ರಯೋಜನಕ್ಕೆ ಬಾರದು. ಹಂಚಿಕೊಳ್ಳುವ ಮನಸ್ಸಿದ್ದವರು ಅತಿಥಿಗಳಿಗೆಂದೇ ಪ್ರತ್ಯೇಕ ಜಾಲ ರೂಪಿಸಬಹುದು.

ಪರೀಕ್ಷೆಯ ಹಿಂದಿನ ರಾತ್ರಿ ಪ್ರವೇಶಪತ್ರ ಇಳಿಸಿಕೊಳ್ಳಬೇಕಾದ ವಿದ್ಯಾರ್ಥಿಗೆ ನೆರೆಯವರು ಇಲ್ಲವೆನ್ನುವುದು ಅಪರೂಪ. ಬಾಗಿಲು ತಟ್ಟಿ ಕೇಳಿದರೆ ಅದೇ ಸಂಪರ್ಕ ನೆರವಾಗುತ್ತದೆ. ಕೇಳದೆ ಬಳಸಿದರೆ ಅತಿಕ್ರಮಣವಾಗುತ್ತದೆ.