ಮೂರ್ಛೆರೋಗ ಮತ್ತು ಸ್ಕಿಜೋಫ್ರೇನಿಯಾ: ನಂಟೆಷ್ಟು, ಅಂತರವೆಷ್ಟು?

ಮೂರ್ಛೆರೋಗ (ಅಪಸ್ಮಾರ) ಮತ್ತು ಸ್ಕಿಜೋಫ್ರೇನಿಯಾ (ಚಿತ್ತವಿಕಲತೆ) ಎರಡೂ ಮೆದುಳಿಗೆ ಸಂಬಂಧಿಸಿದ, ಆದರೆ ಬೇರೆ ಬೇರೆಯಾದ ಕಾಯಿಲೆಗಳು. ಮೊದಲನೆಯದರಲ್ಲಿ ನರಕೋಶಗಳ ವಿದ್ಯುತ್ ಚಟುವಟಿಕೆ ಹಠಾತ್ತನೆ ಮಿತಿಮೀರಿ ಸೆಳೆತ ಬರುತ್ತದೆ ಅಥವಾ ಎಚ್ಚರ ತಪ್ಪುತ್ತದೆ. ಎರಡನೆಯದರಲ್ಲಿ ಇಲ್ಲದ ಧ್ವನಿ ಕೇಳಿಸುತ್ತದೆ, ಆಧಾರವಿಲ್ಲದ ಸಂಶಯ ಬಲಿಯುತ್ತದೆ. ಚರಕಸಂಹಿತೆಯೂ ಉನ್ಮಾದ, ಅಪಸ್ಮಾರಗಳನ್ನು ಪಕ್ಕಪಕ್ಕದ ಎರಡು ಅಧ್ಯಾಯಗಳಲ್ಲಿ ಪ್ರತ್ಯೇಕವಾಗಿಯೇ ವಿವರಿಸಿದೆ.

ಬದಲಾದ ತಿಳಿವಳಿಕೆ

ಈ ಕಾಯಿಲೆಗಳು ಪರಸ್ಪರ ವಿರೋಧಿಗಳೆಂದು ನಂಬಿದ್ದ ಹಂಗೇರಿಯ ವೈದ್ಯ ಲಾಡಿಸ್ಲಾಸ್ ಮೆಡುನಾ, 1934ರಲ್ಲಿ ಕರ್ಪೂರದ ಚುಚ್ಚುಮದ್ದಿನಿಂದ ಸೆಳೆತ ಬರಿಸಿ ಸ್ಕಿಜೋಫ್ರೇನಿಯಾ ಗುಣಪಡಿಸಲೆತ್ನಿಸಿದರು. 1963ರಲ್ಲಿ ಲಂಡನ್ನಿನ ಎಲಿಯಟ್ ಸ್ಲೇಟರ್ ಮತ್ತು ಸಂಗಡಿಗರು ಎರಡೂ ಒಬ್ಬರಲ್ಲೇ ಕಾಣಿಸಬಹುದೆಂದು ತೋರಿಸಿದರು. 2005ರ ಡೆನ್ಮಾರ್ಕ್ ಅಧ್ಯಯನದ ಪ್ರಕಾರ ಮೂರ್ಛೆರೋಗಿಗಳಲ್ಲಿ ಸ್ಕಿಜೋಫ್ರೇನಿಯಾದ ಸಾಧ್ಯತೆ ಇತರರಿಗಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚು. ಸ್ಕಿಜೋಫ್ರೇನಿಯಾ ಇರುವವರಲ್ಲಿ ಮೂರ್ಛೆಯೂ ಹೆಚ್ಚು. ಹಾಗೆಂದು ಬಹುತೇಕ ಮೂರ್ಛೆರೋಗಿಗಳಿಗೆ ಮನೋವಿಕಾರ ಬರುವುದೇ ಇಲ್ಲ.

ಕಾಲ ಗಮನಿಸಿ

ಹಲವು ಬಾರಿ ಸೆಳೆತ ಬಂದು ನಿಂತ ಮೇಲೆ ರೋಗಿ ಒಂದೆರಡು ದಿನ ಸರಿಯಾಗಿದ್ದು, ಬಳಿಕ ಏಕಾಏಕಿ ಅಸಂಬದ್ಧವಾಗಿ ಮಾತನಾಡಬಹುದು, ಉದ್ರೇಕಗೊಳ್ಳಬಹುದು. ಇದು ಸೆಳೆತದ ನಂತರದ ಮನೋವಿಕಾರ, ಸ್ಕಿಜೋಫ್ರೇನಿಯಾ ಅಲ್ಲ. ಸಾಮಾನ್ಯವಾಗಿ ಕೆಲ ದಿನ ಅಥವಾ ವಾರಗಳಲ್ಲಿ ಶಮನವಾಗುತ್ತದೆ. ನಡುವಿನ ದಿನಗಳಲ್ಲಿ ರೋಗಿ ಚೆನ್ನಾಗಿದ್ದುದರಿಂದ ಮನೆಯವರು ಇದನ್ನು ಸೆಳೆತಕ್ಕೆ ಜೋಡಿಸುವುದಿಲ್ಲ. 'ದೆವ್ವ ಬಡಿದಿದೆ' ಎಂದು ಮಾತ್ರೆ ನಿಲ್ಲಿಸುವುದೂ ಉಂಟು. ಅಪಾಯವಿರುವುದು ಇಲ್ಲಿಯೇ: ಮಾತ್ರೆ ಹಠಾತ್ತನೆ ನಿಂತರೆ ಸೆಳೆತ ಮರುಕಳಿಸಿ ಪ್ರಾಣಕ್ಕೇ ಕುತ್ತು ಬರಬಹುದು.

ಔಷಧಗಳ ವಿಷಯದಲ್ಲೂ ಎಚ್ಚರ ಬೇಕು. ಮೂರ್ಛೆಗೆ ಕೊಡುವ ಲೆವಿಟಿರಾಸಿಟಾಮ್ ಕೆಲವರಲ್ಲಿ ಸಿಡುಕು, ಅಪರೂಪಕ್ಕೆ ಭ್ರಮೆ ಉಂಟುಮಾಡಬಹುದು. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪಿನ್ ಹೆಚ್ಚಿನ ಪ್ರಮಾಣದಲ್ಲಿ ಸೆಳೆತ ತರಬಹುದು. ಆದ್ದರಿಂದ ಯಾವ ವೈದ್ಯರ ಬಳಿ ಹೋದರೂ ಎರಡೂ ಕಾಯಿಲೆಗಳ ವಿಷಯ, ಎಲ್ಲ ಮಾತ್ರೆಗಳ ಹೆಸರು ತಿಳಿಸುವುದು ಅವಶ್ಯ.

ಚಿಕಿತ್ಸೆ ಎಲ್ಲಿ?

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳು 1997ರಲ್ಲಿ ಹಾವೇರಿ ಜಿಲ್ಲೆ ರಚನೆಯಾಗುವವರೆಗೆ ಧಾರವಾಡ ಜಿಲ್ಲೆಯಲ್ಲಿದ್ದವು. ಮನೋರೋಗ ಮತ್ತು ನರರೋಗಗಳಿಗೆ ಮೀಸಲಾದ ಸರ್ಕಾರಿ ಸಂಸ್ಥೆ ಡಿಮ್ಹಾನ್ಸ್ ಇರುವುದು ಧಾರವಾಡದಲ್ಲಿಯೇ. ಶಿಗ್ಗಾವಿ ಹೆದ್ದಾರಿಯಲ್ಲಿದೆ; ಜಿಲ್ಲೆಯ ದಕ್ಷಿಣ ಭಾಗದ ಹಿರೇಕೆರೂರಿನವರಿಗೆ ಪ್ರಯಾಣ ದೀರ್ಘ. ಮಾತ್ರೆ ಮುಗಿಯುವ ಮುನ್ನವೇ ತಾಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸುವುದು ಲೇಸು. 2022ರಲ್ಲಿ ಆರಂಭವಾದ ಟೆಲಿಮಾನಸ್ ಉಚಿತ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೂ ಸಲಹೆ ದೊರೆಯುತ್ತದೆ. ಆದರೆ ಸೆಳೆತ ಐದು ನಿಮಿಷ ಮೀರಿದರೆ ಕಾಯದೆ 108ಕ್ಕೆ ಕರೆ ಮಾಡಬೇಕು.