ಶಾಲೆಯಂಗಳದಲ್ಲಿ ಪರನುಡಿಯ ಹಾಡು

1919ರ ಫೆಬ್ರವರಿ. ದಕ್ಷಿಣ ಭಾರತದ ಪ್ರವಾಸದಲ್ಲಿದ್ದ ರವೀಂದ್ರನಾಥ ಟ್ಯಾಗೋರರು ದಣಿವಾರಿಸಿಕೊಳ್ಳಲು ಮದನಪಲ್ಲಿಯಲ್ಲಿ ತಂಗಿದ್ದರು. ಕೋಲಾರ ಸೀಮೆಗೆ ಅಷ್ಟೇನೂ ದೂರವಲ್ಲದ ತೆಲುಗು ಊರು ಅದು. ಅಲ್ಲಿನ ಥಿಯಾಸಾಫಿಕಲ್ ಕಾಲೇಜಿನ ಪ್ರಾಂಶುಪಾಲ ಜೇಮ್ಸ್ ಕಸಿನ್ಸ್ ಐರ್ಲೆಂಡಿನವರು; ಪತ್ನಿ ಮಾರ್ಗರೆಟ್ ಪಾಶ್ಚಾತ್ಯ ಸಂಗೀತದಲ್ಲಿ ಪಳಗಿದವರು. ಒಂದು ಸಂಜೆ ವಿದ್ಯಾರ್ಥಿಗಳ ಮುಂದೆ ಟ್ಯಾಗೋರರು ತಮ್ಮದೇ ಬಂಗಾಳಿ ಹಾಡೊಂದನ್ನು ಹಾಡಿದರು. ಪಲ್ಲವಿ ಮರಳಿ ಬಂದಾಗ ಹುಡುಗರೂ ದನಿಗೂಡಿಸಿದರು. ಮಾರ್ಗರೆಟ್ ಅದಕ್ಕೆ ಸ್ವರಲಿಪಿ ಬರೆದರು, ಟ್ಯಾಗೋರರು ಅಲ್ಲೇ ಕೂತು ಇಂಗ್ಲಿಷಿಗೆ ಅನುವಾದಿಸಿದರು, ಕಾಲೇಜು ಅದನ್ನು ಬೆಳಗಿನ ಪ್ರಾರ್ಥನೆ ಮಾಡಿಕೊಂಡಿತು. ಆ ಹಾಡು ‘ಜನಗಣಮನ’. ಅದು ರಾಷ್ಟ್ರಗೀತೆಯಾಗಿ ಅಂಗೀಕಾರವಾದದ್ದು 1950ರ ಜನವರಿ 24ರಂದು. ಸರ್ಕಾರ ಒಪ್ಪುವುದಕ್ಕೆ ಸುಮಾರು 31 ವರ್ಷ ಮುಂಚೆಯೇ ತೆಲುಗು ನಾಡಿನ ಹುಡುಗರು ಬಂಗಾಳದ ಹಾಡನ್ನು ದಿನವೂ ಹಾಡುತ್ತಿದ್ದರು.

ಬಂಗಾಳಿಗರ ಬಾಯಲ್ಲಿ ‘ಅ’ಕಾರ ಬಹುಪಾಲು ‘ಒ’ಕಾರದ ಕಡೆಗೆ ವಾಲುತ್ತದೆ, ‘ವ’ಕಾರ ‘ಬ’ಕಾರವಾಗುತ್ತದೆ. ನಮ್ಮ ಮಕ್ಕಳು ಅದೇ ಹಾಡನ್ನು ಕನ್ನಡದ ನಾಲಿಗೆಯಲ್ಲಿ ಹಾಡುತ್ತಾರೆ; ಅದರಿಂದ ಹಾಡಿಗೇನೂ ಕುಂದಾಗಿಲ್ಲ.

ಹೀಗೆ ಪರನುಡಿಯ ಹಾಡು ಕಲಿಸುವುದನ್ನೇ ಜೀವನದ ಕೆಲಸ ಮಾಡಿಕೊಂಡವರೊಬ್ಬರು ಬೆಂಗಳೂರಿನಲ್ಲೇ ಹುಟ್ಟಿದ್ದರು. ಎಸ್.ಎನ್. ಸುಬ್ಬರಾವ್ ಅವರ ಹೆಸರು ಕರ್ನಾಟಕಕ್ಕಿಂತ ಮಧ್ಯಪ್ರದೇಶ, ರಾಜಸ್ಥಾನಗಳಲ್ಲಿ ಹೆಚ್ಚು ಪರಿಚಿತ. ಅಲ್ಲಿ ಅವರು ಎಲ್ಲರಿಗೂ ‘ಭಾಯೀಜಿ’. 1929ರಲ್ಲಿ ಹುಟ್ಟಿದ ಅವರು 13ನೇ ವಯಸ್ಸಿಗೆ, ಕ್ವಿಟ್ ಇಂಡಿಯಾ ದಿನಗಳಲ್ಲಿ, ಗೋಡೆಯ ಮೇಲೆ ಘೋಷಣೆ ಬರೆದು ಪೊಲೀಸರ ಕೈಗೆ ಸಿಕ್ಕಿದ್ದರು. ಮುಂದೆ ಅವರು ಸೇರಿದ್ದು ಸೇವಾದಳವನ್ನು. ಹುಬ್ಬಳ್ಳಿಯ ಡಾ. ಎನ್.ಎಸ್. ಹರ್ಡೀಕರರು 1923ರಲ್ಲಿ ಕಟ್ಟಿದ ಆ ದಳದಲ್ಲಿ ಕವಾಯತಿನಷ್ಟೇ ಮುಖ್ಯವಾದದ್ದು ಸಾಮೂಹಿಕ ಗಾಯನ. ಪ್ರಭಾತಫೇರಿಯಲ್ಲಿ ಬೀದಿ ಸುತ್ತಿ ಹಾಡುವ ಆ ಅಭ್ಯಾಸವೇ ಮುಂದೆ ಸುಬ್ಬರಾಯರು ನಡೆಸಿದ ಯುವಜನ ಶಿಬಿರಗಳಿಗೂ ಬಂತು ಎನ್ನಲು ಅಡ್ಡಿಯಿಲ್ಲ.

ಚಂಬಲ್ ಕಣಿವೆಯ ಜೌರಾದಲ್ಲಿ ಅವರು ಗಾಂಧಿ ಆಶ್ರಮ ಕಟ್ಟಿದರು. 1972ರ ಏಪ್ರಿಲ್‌ನಲ್ಲಿ ಜಯಪ್ರಕಾಶ ನಾರಾಯಣರ ಸಮ್ಮುಖದಲ್ಲಿ ಡಕಾಯಿತರು ಬಂದೂಕು ಕೆಳಗಿಟ್ಟದ್ದು ಅದೇ ಜೌರಾದಲ್ಲಿ. ಪತ್ರಿಕೆಗಳು ಸುಬ್ಬರಾಯರನ್ನು ಬಹುಮಟ್ಟಿಗೆ ನೆನೆಯುವುದು ಈ ಘಟನೆಗಾಗಿಯೇ. ಆದರೆ ಅವರ ಕೈಕೆಳಗೆ ಶಿಬಿರ ಮಾಡಿದವರನ್ನು ಕೇಳಿದರೆ ಮೊದಲು ಬರುವ ಮಾತು ಹಾಡಿನದು. ಖಾದಿ ಚಡ್ಡಿ, ಅರ್ಧ ತೋಳಿನ ಅಂಗಿ ತೊಟ್ಟು, ತಾವೇ ದನಿಯೆತ್ತಿ ಹಾಡಿಕೊಡುತ್ತಿದ್ದರು. ಅವರ ‘ಭಾರತ್ ಕೀ ಸಂತಾನ್’ ಎಂಬ ಗೀತರೂಪಕದಲ್ಲಿ 18 ಭಾಷೆಗಳು ಒಂದರ ಹಿಂದೊಂದು ಬರುತ್ತವೆ. ಆಯಾ ಭಾಷೆಯ ಸರದಿ ಬಂದಾಗ ಆ ಸೀಮೆಯ ಉಡುಪು ತೊಟ್ಟ ಮಕ್ಕಳು ವೇದಿಕೆಗೆ ಬರುತ್ತಾರೆ.

ಇಷ್ಟನ್ನೇ ಕೇಳಿದರೆ ಶಾಲಾ ವಾರ್ಷಿಕೋತ್ಸವದ ಛದ್ಮವೇಷ ನೆನಪಾಗಬಹುದು. ವ್ಯತ್ಯಾಸವಿದ್ದದ್ದು ವೇದಿಕೆಯ ಹೊರಗೆ. ಅವರ ರಾಷ್ಟ್ರೀಯ ಯುವ ಯೋಜನೆಯ ಬಾಲೋತ್ಸವಗಳಲ್ಲಿ ಬೇರೆ ರಾಜ್ಯದ ಮಕ್ಕಳು ಉಳಿದುಕೊಳ್ಳುತ್ತಿದ್ದದ್ದು ಲಾಡ್ಜಿನಲ್ಲೋ ಹಾಸ್ಟೆಲಿನಲ್ಲೋ ಅಲ್ಲ, ಆ ಊರಿನವರ ಮನೆಗಳಲ್ಲಿ. ಮಾತು ಬಾರದ ಮನೆಯಲ್ಲಿ ಉಂಡು, ಆ ಮನೆಯ ಮಕ್ಕಳ ಜೊತೆ ಮಲಗಿ ಎದ್ದ ಮೇಲೆ ಬಾಯಿಪಾಠ ಮಾಡಿದ ಸಾಲಿಗೂ ಒಂದು ಮುಖ ಸಿಗುತ್ತದೆ. ಬಾಬರಿ ಮಸೀದಿ ಉರುಳಿದ ಮರುವರ್ಷ, 1993ರಲ್ಲಿ, ಅವರು ಯುವಜನರನ್ನು ಕಟ್ಟಿಕೊಂಡು ಸದ್ಭಾವನಾ ರೈಲುಯಾತ್ರೆಯನ್ನೇ ಹೊರಡಿಸಿದರು. ಅಲ್ಲೂ ಊರೂರಿನಲ್ಲಿ ಹಾಡು. 2021ರ ಅಕ್ಟೋಬರ್ 27ರಂದು ತೀರಿಕೊಳ್ಳುವವರೆಗೂ ಶಿಬಿರಗಳ ನಂಟು ಅವರನ್ನು ಬಿಡಲಿಲ್ಲ.

ಇದೇ ಕೆಲಸಕ್ಕೆ ಸಂಗೀತದ ಕಡೆಯಿಂದ ಇಳಿದವರು ಎಂ.ಬಿ. ಶ್ರೀನಿವಾಸನ್. ಮಲಯಾಳಂ ಚಿತ್ರಗಳಿಗೆ ರಾಗ ಹಾಕಿ ಹೆಸರಾಗಿದ್ದ ಅವರು ಮದ್ರಾಸ್ ಯೂತ್ ಕಾಯರ್ ಕಟ್ಟಿದರು. 1980ರ ದಶಕದಲ್ಲಿ ಎನ್‌ಸಿಇಆರ್‌ಟಿ ಸಮೂಹಗಾಯನವನ್ನು ಶಾಲೆಗಳಿಗೆ ಒಯ್ಯಲು ಹೊರಟಾಗ ಆ ಕೆಲಸಕ್ಕೂ ಕೈಜೋಡಿಸಿದರು. ಮೊದಲು ಶಿಕ್ಷಕರಿಗೆ ಶಿಬಿರ. ಹಲವು ಭಾಷೆಗಳ ಹಾಡು ಕಲಿತ ಮೇಷ್ಟ್ರು, ಟೀಚರು ಊರಿಗೆ ಮರಳಿ ಮಕ್ಕಳಿಗೆ ಹೇಳಿಕೊಡಬೇಕು. ಕೇಳಲು ಸುಲಭ. ಆದರೆ ನಮ್ಮದು ಒಬ್ಬೊಬ್ಬರೇ ಕೂತು ಹಾಡುವ ಪದ್ಧತಿ. ಒಂದನೇ ಮನೆಯ ತಗ್ಗು ಶ್ರುತಿಯಲ್ಲಿ ಹಾಡುವ ಮೇಷ್ಟ್ರ ಹಿಂದೆ ಐದನೇ ಮನೆಯ ಎತ್ತರದ ಗಂಟಲಿನ ಮಕ್ಕಳು ಹೊರಟರೆ ಕೆಳಗಿನ ಸ್ವರಗಳಲ್ಲಿ ದನಿಯೇ ಇರುವುದಿಲ್ಲ, ಬರೀ ತುಟಿಯಾಡುತ್ತದೆ. ಅದರ ಮೇಲೆ ಗೊತ್ತಿಲ್ಲದ ಭಾಷೆ. ಹಾಗಾಗಿ ಮಕ್ಕಳ ಶ್ರುತಿ ಹಿಡಿಯುವುದು, ಸಾಲನ್ನು ತುಂಡು ಮಾಡಿ ಹೇಳಿಸುವುದು, ಅರ್ಥ ಹೇಳಿ ಆಮೇಲೆ ರಾಗಕ್ಕೆ ಬರುವುದು, ಇವೆಲ್ಲ ಶಿಕ್ಷಕರೇ ಕಲಿಯಬೇಕಾದ ಪಾಠ. ಶ್ರೀನಿವಾಸನ್ 1988ರ ಮಾರ್ಚ್ 9ರಂದು ತೀರಿಕೊಂಡದ್ದು ಲಕ್ಷದ್ವೀಪದಲ್ಲಿ. ಅಲ್ಲಿಗೆ ಹೋಗಿದ್ದೂ ಗಾಯನದ ತರಬೇತಿಗೇ. ಅದೇ ವರ್ಷ ದೂರದರ್ಶನ ‘ಮಿಲೇ ಸುರ್ ಮೇರಾ ತುಮ್ಹಾರಾ’ ಪ್ರಸಾರ ಮಾಡಿತು. ಬಹುಭಾಷೆಯ ಹಾಡು ಎಂದರೆ ಇಂದಿಗೂ ಜನ ಮೊದಲು ಹೇಳುವುದು ಅದನ್ನೇ. ಆದರೆ ಅದು ಟಿವಿಯ ಮುಂದೆ ಕೂತು ಕೇಳಿದ ಹಾಡು, ಮಕ್ಕಳು ಅಂಗಳದಲ್ಲಿ ನಿಂತು ಕಲಿತದ್ದಲ್ಲ.

ಸುಬ್ಬರಾಯರ ಹಾಡಿನಲ್ಲಿ 18 ಭಾಷೆಗಳೇ ಏಕೆ? ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಮೊದಲು ಇದ್ದದ್ದು 14. 1967ರಲ್ಲಿ ಸಿಂಧಿ ಸೇರಿತು. 1992ರಲ್ಲಿ ಕೊಂಕಣಿ, ಮಣಿಪುರಿ, ನೇಪಾಳಿ ಸೇರಿ 18 ಆಯಿತು. 2003ರ ತಿದ್ದುಪಡಿಯಿಂದ ಬೋಡೊ, ಡೋಗ್ರಿ, ಮೈಥಿಲಿ, ಸಂತಾಲಿ ಬಂದು ಈಗ 22. ಕೇಂದ್ರ ಸರ್ಕಾರ 2018ರಲ್ಲಿ ಶಾಲೆಗಳಿಗೆ ಕಳಿಸಿದ ‘ಭಾಷಾ ಸಂಗಮ’ ಕಾರ್ಯಕ್ರಮದಲ್ಲೂ ಇದ್ದದ್ದು ಈ 22 ಭಾಷೆಗಳ ಸಣ್ಣ ಸಣ್ಣ ವಾಕ್ಯಗಳೇ. ಪಟ್ಟಿ ಬೆಳೆದಂತೆ ಮಕ್ಕಳ ಬಾಯಿಗೆ ಬರುವ ಭಾಷೆಗಳೂ ಬೆಳೆದವು; ಪಟ್ಟಿಯ ಹೊರಗಿನವು ಹೊರಗೇ ಉಳಿದವು.

ಕರ್ನಾಟಕಕ್ಕೆ ಇದು ದೂರದ ವಿಷಯವಲ್ಲ. 2011ರ ಜನಗಣತಿಯ ಲೆಕ್ಕದಲ್ಲಿ ದೇಶದಲ್ಲಿ ತುಳು ಆಡುವವರು 18 ಲಕ್ಷಕ್ಕೂ ಹೆಚ್ಚು, ಕೊಡವ ತಕ್ಕ್ ಆಡುವವರು ಒಂದು ಲಕ್ಷಕ್ಕೂ ಹೆಚ್ಚು. ಎರಡೂ ಎಂಟನೇ ಪರಿಚ್ಛೇದದಲ್ಲಿಲ್ಲ. ಹಾಡಿಗೇನು ಬರವೇ? ತುಳುವಿನ ಪಾಡ್ದನಗಳಿವೆ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡುಗಳನ್ನು ಕೂಡಿಸಿ ‘ಪಟ್ಟೋಲೆ ಪಳಮೆ’ ಅಚ್ಚು ಹಾಕಿಸಿದ್ದು 1924ರಲ್ಲೇ. ಲಂಬಾಣಿ ತಾಂಡಾಗಳಲ್ಲಿ ದೀಪಾವಳಿಗೆ ಹೆಣ್ಣುಮಕ್ಕಳು ಹಾಡಿಕೊಂಡು ಮನೆಮನೆಗೆ ಹೋಗುತ್ತಾರೆ. ಆದರೆ ನವೆಂಬರ್ ಒಂದರಂದೋ ಸ್ವಾತಂತ್ರ್ಯ ದಿನದಂದೋ ವೇದಿಕೆಗೆ ಬರುವುದು ಪಂಜಾಬಿನ ಭಾಂಗ್ಡಾ, ಅದೂ ಮೊಬೈಲಿನಲ್ಲಿ ಹಾಕಿದ ಹಾಡಿಗೆ. ಪಂಜಾಬಿ ಬೇಡವೆಂದಲ್ಲ. ಅದೇ ತರಗತಿಯ ಮೂರನೇ ಬೆಂಚಿನಲ್ಲಿ ಕೂತ ಹುಡುಗಿ ಮನೆಯಲ್ಲಿ ಯಾವ ಭಾಷೆ ಆಡುತ್ತಾಳೆ ಎಂದು ಯಾರೂ ಕೇಳಿರುವುದಿಲ್ಲ ಎಂಬುದೇ ತಕರಾರು.

ಫೆಬ್ರವರಿ 21 ವಿಶ್ವ ಮಾತೃಭಾಷಾ ದಿನ. ಅಂದು ಏನು ಮಾಡಿಸುವುದೆಂದು ಯೋಚಿಸುವ ಶಿಕ್ಷಕರು ಮೊದಲು ಹಾಜರಿ ಪುಸ್ತಕ ಹಿಡಿದು ಒಬ್ಬೊಬ್ಬರ ಮನೆಮಾತನ್ನು ಬರೆದುಕೊಳ್ಳಲಿ. ಆ ಪಟ್ಟಿಯಲ್ಲಿ ಬ್ಯಾರಿಯೋ ಉರ್ದುವೋ ಲಂಬಾಣಿಯೋ ಕಂಡರೆ, ಆ ಮಗುವಿನ ಅವ್ವನನ್ನೋ ಅಜ್ಜಿಯನ್ನೋ ಒಂದು ದಿನ ಶಾಲೆಗೆ ಕರೆಸಿ, ಇಡೀ ತರಗತಿಗೆ ಒಂದು ಹಾಡು ಹೇಳಿಕೊಡಲು ಕೇಳಿಕೊಳ್ಳಲಿ.