ಸೋತವರ ಒಂದು ಋತು: ಮೈಸೂರು ಕ್ರಿಕೆಟ್ ತಂಡ, 1945–46



ಇತಿಹಾಸವೆಂದರೆ ಗೆದ್ದವರ ಪಟ್ಟಿ ಎಂಬ ಭಾವನೆ ಬಹುಜನರಲ್ಲಿದೆ. ದುರ್ಗದವರಾದ ನಾವು ಈ ಮಾತನ್ನು ಸುಲಭವಾಗಿ ಒಪ್ಪಲಾರೆವು. 1779ರಲ್ಲಿ ಹೈದರಾಲಿಗೆ ಕೋಟೆಯನ್ನು ಕಳೆದುಕೊಂಡ ಮದಕರಿನಾಯಕನನ್ನು ಈ ಊರು ಇಂದಿಗೂ ತನ್ನವನೆಂದೇ ಅಭಿಮಾನದಿಂದ ನೆನೆಯುತ್ತದೆ. ಸೋಲಿನ ಫಲಿತಾಂಶವೊಂದನ್ನೇ ನೋಡದೆ, ಸೋತವನು ಹೇಗೆ ನಿಂತನೆಂಬುದನ್ನೂ ನೋಡುವ ಗುಣ ನಮ್ಮ ನೆಲಕ್ಕಿದೆ. ಆ ಧೈರ್ಯದಿಂದಲೇ ಈ ಸಲ, ನಮ್ಮವರು ಬಹು ದೊಡ್ಡದಾಗಿ ಸೋತ ಒಂದು ಕ್ರಿಕೆಟ್ ಋತುವಿನ ಕುರಿತು ಬರೆಯುತ್ತಿದ್ದೇನೆ.

‘ನಮ್ಮವರು’ ಎಂದುದಕ್ಕೆ ಕಾರಣವಿದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳನ್ನೊಳಗೊಂಡ ಚಿತ್ರದುರ್ಗ ಜಿಲ್ಲೆ ಅಂದು ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ದಾವಣಗೆರೆಯೂ 1997ರವರೆಗೆ ನಮ್ಮ ಜಿಲ್ಲೆಯದೇ ಆಗಿತ್ತು. ಆದ್ದರಿಂದ ಮೈಸೂರಿನ ಹೆಸರಿನಲ್ಲಿ ಆಡಿದ ತಂಡವು ನಮ್ಮ ತಂಡವೂ ಹೌದು.

ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆ ಸ್ಥಾಪನೆಯಾದದ್ದು 1933ರಲ್ಲಿ. ಮರುವರ್ಷ ರಣಜಿ ಟ್ರೋಫಿಯ ಮೊತ್ತಮೊದಲ ಪಂದ್ಯ ಮದರಾಸಿನ ಚೆಪಾಕ್ ಮೈದಾನದಲ್ಲಿ ನಡೆದಾಗ ಒಂದು ಕಡೆ ಮದರಾಸು, ಇನ್ನೊಂದು ಕಡೆ ಮೈಸೂರು. ಪಂದ್ಯ ಒಂದೇ ದಿನದಲ್ಲಿ ಮುಗಿದುಹೋಯಿತು. ನಮ್ಮವರು ಗಳಿಸಿದ್ದು 48 ಮತ್ತು 59. ಮದರಾಸಿಗೆ ಒಂದು ಇನಿಂಗ್ಸ್ ಹಾಗೂ 23 ಓಟಗಳ ಜಯ. 1941–42ರಲ್ಲಿ ಮೈಸೂರು ಅಂತಿಮ ಪಂದ್ಯದವರೆಗೂ ಏರಿತು. ಅಲ್ಲಿ ಮುಂಬಯಿಯ ಎದುರು ಇನಿಂಗ್ಸ್ ಹಾಗೂ 281 ಓಟಗಳ ಸೋಲು ಕಾದಿತ್ತು. ಇಂಥ ಹಿನ್ನೆಲೆಯ ತಂಡ 1945–46ರಲ್ಲಿ ಸೆಮಿಫೈನಲ್ ತಲುಪಿ, ಹೋಳ್ಕರ್ ತಂಡವನ್ನು ಎದುರಿಸಲು ಇಂದೋರಿಗೆ ಹೋಯಿತು.

ಹೋಳ್ಕರ್ ಸಾಮಾನ್ಯ ತಂಡವಾಗಿರಲಿಲ್ಲ. ಇಂದೋರಿನ ಮಹಾರಾಜ ಯಶವಂತರಾವ್ ಹೋಳ್ಕರರು ದೇಶದ ನಾನಾ ಭಾಗಗಳ ಆಟಗಾರರನ್ನು ಕರೆಸಿ, ತಮ್ಮ ಸೈನ್ಯದಲ್ಲಿ ಹುದ್ದೆಗಳನ್ನು ಕೊಟ್ಟು ಸಾಕಿದ್ದರು. ಕರ್ನಲ್ ಸಿ. ಕೆ. ನಾಯುಡು, ಕ್ಯಾಪ್ಟನ್ ಮುಷ್ತಾಕ್ ಅಲಿ ಎಂದು ಅವರನ್ನು ಕರೆಯುತ್ತಿದ್ದುದು ಈ ಕಾರಣದಿಂದಲೇ. ವೃತ್ತಿಪರ ಕ್ರಿಕೆಟ್ ಎಂಬ ಮಾತೇ ನಮ್ಮಲ್ಲಿ ಬಳಕೆಗೆ ಬಾರದಿದ್ದ ಕಾಲದಲ್ಲಿ, ಆಟವನ್ನೇ ಉದ್ಯೋಗವಾಗಿಸಿಕೊಂಡ ತಂಡವೊಂದು ಅರಮನೆಯ ನೆರಳಿನಲ್ಲಿ ಬೆಳೆದಿತ್ತು. ಹಿಂದಿನ ಋತುವಿನ ಅಂತಿಮ ಪಂದ್ಯದಲ್ಲಿ ಇಂಗ್ಲೆಂಡಿನ ಡೆನಿಸ್ ಕಾಂಪ್ಟನ್ ಇದೇ ತಂಡದ ಪರವಾಗಿ ಅಜೇಯ 249 ಓಟ ಗಳಿಸಿದ್ದರು.

ಇಂದೋರಿನಲ್ಲಿ ಹೋಳ್ಕರ್ ತಂಡ 8 ವಿಕೆಟ್ಟಿಗೆ 912 ಓಟ ಗಳಿಸಿ ಡಿಕ್ಲೇರ್ ಮಾಡಿತು. ಭಂಡಾರ್ಕರ್ 142, ಸರ್ವಟೆ 101, ಜಗದಾಳೆ 164, ಸಿ. ಕೆ. ನಾಯುಡು 101, ನಿಂಬಾಳ್ಕರ್ 172, ಪ್ರತಾಪ್ ಸಿಂಗ್ 100: ಒಂದೇ ಇನಿಂಗ್ಸಿನಲ್ಲಿ ಆರು ಶತಕಗಳು! ಪ್ರಥಮ ದರ್ಜೆಯ ಕ್ರಿಕೆಟ್ಟಿನಲ್ಲಿ ಅದು ವಿಶ್ವದಾಖಲೆಯಾಯಿತು. ಈ ಆರು ಮಂದಿಯಲ್ಲಿ ನಾಯಕ ನಾಯುಡು ಅವರಿಗೆ ಆಗಲೇ ಐವತ್ತು ವರ್ಷ ತುಂಬಿತ್ತು ಎಂಬುದನ್ನು ನೆನೆದರೆ ಎದುರಾಳಿಗಳಾದ ನಾವೂ ತಲೆಬಾಗಬೇಕಾಗುತ್ತದೆ. ರಣಜಿಯಲ್ಲಿ ಆ ಮೊತ್ತವನ್ನು ಮೀರಲು 1993–94ರ ಹೈದರಾಬಾದ್ ತಂಡವೇ ಬರಬೇಕಾಯಿತು.

ಈ ಮಳೆಗೆ ಮೈಯೊಡ್ಡಿದವರಲ್ಲಿ ಮುಖ್ಯರು ಬಿ. ಕೆ. ಗರುಡಾಚಾರ್. ಲೆಗ್ ಬ್ರೇಕ್ ಹಾಗೂ ಗೂಗ್ಲಿ ಅವರ ಅಸ್ತ್ರ. ಅವರು 4 ವಿಕೆಟ್ ಪಡೆದರು, 301 ಓಟ ಕೊಟ್ಟರು. ಎದುರಾಳಿಯ ಮೊತ್ತದ ಸುಮಾರು ಮೂರನೆಯ ಒಂದು ಭಾಗ ಒಬ್ಬರೇ ಬೌಲರಿನ ಲೆಕ್ಕಕ್ಕೆ ಬಂದಿತು. ಬೌಲರೊಬ್ಬ ಒಂದು ಇನಿಂಗ್ಸಿನಲ್ಲಿ ಮುನ್ನೂರು ಓಟ ಕೊಟ್ಟ ನಿದರ್ಶನಗಳು ಬೆರಳೆಣಿಕೆಯಷ್ಟು. ಅಂಕಿಪಟ್ಟಿಯನ್ನಷ್ಟೇ ನೋಡುವವರಿಗೆ ಇದು ಅಪಮಾನದಂತೆ ಕಂಡೀತು. ಆದರೆ ಇಡೀ ತಂಡ ದಣಿದಿದ್ದಾಗ ನಾಯಕನು ಮತ್ತೆ ಮತ್ತೆ ಯಾರ ಕೈಗೆ ಚೆಂಡು ಕೊಡುತ್ತಾನೆ? ಇಲ್ಲವೆನ್ನದವನ ಕೈಗೆ. ಆ 301ನ್ನು ನಾನು ಹಾಗೆ ಓದುತ್ತೇನೆ.

ಮೈಸೂರು ಮೊದಲ ಇನಿಂಗ್ಸಿನಲ್ಲಿ 190ಕ್ಕೆ ಕುಸಿಯಿತು. ಇನ್ನೂ 722 ಓಟಗಳ ಅಂತರ. ಪಂದ್ಯದ ಗತಿ ತೀರ್ಮಾನವಾಗಿಹೋಗಿತ್ತು. ಆದರೂ ಎರಡನೆಯ ಇನಿಂಗ್ಸಿನಲ್ಲಿ ನಮ್ಮವರು 509 ಓಟ ಕೂಡಿಸಿದರು; ಅದರಲ್ಲಿ 164 ಅದೇ ಗರುಡಾಚಾರರದು. ಅಷ್ಟಾದರೂ 213 ಓಟ ಹಿಂದೆಯೇ ಉಳಿಯಿತು. ಹೋಳ್ಕರ್ ಮುಂದೆ ಸಾಗಿ, ಬರೋಡವನ್ನು ಮಣಿಸಿ ಟ್ರೋಫಿ ಗೆದ್ದಿತು.

ಇದರ ಬೆಲೆ ತಿಳಿಯಬೇಕಾದರೆ ಇನ್ನೊಂದು ಪಂದ್ಯವನ್ನು ನೋಡಬೇಕು. 1948ರ ಡಿಸೆಂಬರಿನಲ್ಲಿ, ಪುಣೆಯಲ್ಲಿ, ಇದೇ ನಿಂಬಾಳ್ಕರ್ ಮಹಾರಾಷ್ಟ್ರದ ಪರವಾಗಿ 443 ಓಟ ಗಳಿಸಿ ಅಜೇಯರಾಗಿದ್ದರು. ಬ್ರಾಡ್ಮನ್ನರ 452ರ ವಿಶ್ವದಾಖಲೆ ಕೈಗೆಟಕುವಂತಿತ್ತು. ಆಗ ಎದುರಾಳಿ ಕಾಠಿಯಾವಾಡದ ತಂಡ ಸೋಲೊಪ್ಪಿ ಮೈದಾನ ಬಿಟ್ಟು ಹೊರಟುಹೋಯಿತು. ಮೈಸೂರಿಗೂ ಇಂದೋರಿನಲ್ಲಿ ಬೇಸರಪಡಲು ಕಾರಣವಿತ್ತು. ಆದರೆ ಅದು ಆರನೆಯ ಶತಕವನ್ನೂ ನಿಂತು ನೋಡಿತು. ಅನಂತರ ಬ್ಯಾಟು ಹಿಡಿದು ಉತ್ತರ ಕೊಟ್ಟಿತು.

ಮುಂದಿನ ಕಥೆ ನಿಮಗೆ ಗೊತ್ತಿರುವುದೇ. ಹದಿನಾಲ್ಕು ಋತುಗಳಲ್ಲಿ ಹತ್ತು ಅಂತಿಮ ಪಂದ್ಯಗಳನ್ನಾಡಿ ನಾಲ್ಕನ್ನು ಗೆದ್ದ ಹೋಳ್ಕರ್ ತಂಡ 1954–55ರ ನಂತರ ಇಲ್ಲವಾಯಿತು. ಸಂಸ್ಥಾನ ಹೋಯಿತು, ಅದರ ಬೆನ್ನಿಗೆ ತಂಡವೂ ಹೋಯಿತು. ಮೈಸೂರು ಮಾತ್ರ ಸೋಲುತ್ತಲೇ ಬಾಳಿತು. 1959–60ರ ಅಂತಿಮ ಪಂದ್ಯದಲ್ಲಿ ಮತ್ತೆ ಮುಂಬಯಿಗೆ ಇನಿಂಗ್ಸ್ ಸೋಲು. 1973ರ ನವೆಂಬರ್ 1ರಂದು ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂದಿತು; ಅದೇ 1973–74ರ ಋತುವಿನಲ್ಲಿ ಪ್ರಸನ್ನ ಅವರ ನಾಯಕತ್ವದ ತಂಡ ಬೆಂಗಳೂರಿನಲ್ಲಿ ಮುಂಬಯಿಯ ಹದಿನೈದು ವರ್ಷಗಳ ಏಕಾಧಿಪತ್ಯವನ್ನು ಮುರಿದು, ಜೈಪುರದಲ್ಲಿ ರಾಜಸ್ಥಾನವನ್ನು 185 ಓಟಗಳಿಂದ ಸೋಲಿಸಿ ಮೊದಲ ಬಾರಿಗೆ ರಣಜಿ ಟ್ರೋಫಿಯನ್ನು ಮನೆಗೆ ತಂದಿತು.

ಗರುಡಾಚಾರರು ಅದನ್ನು ಕಂಡರು; ಅನಂತರವೂ ಬಹುಕಾಲ ಬಾಳಿ 2016ರಲ್ಲಿ, 99ನೆಯ ವಯಸ್ಸಿನಲ್ಲಿ ತೀರಿಕೊಂಡರು. ನಿಮ್ಮ ಮಕ್ಕಳು ಪರೀಕ್ಷೆಯಲ್ಲೋ ಆಟದಲ್ಲೋ ಸೋತು ಮುಖ ಸಪ್ಪಗೆ ಮಾಡಿಕೊಂಡು ಬಂದರೆ 1973–74ರ ಗೆಲುವಿನ ಕಥೆಯನ್ನು ಆಮೇಲೆ ಹೇಳಿರಿ. ಮೊದಲು, 301 ಓಟ ಕೊಟ್ಟು ಬಂದು 164 ಓಟ ಹೊಡೆದವರ ಕಥೆಯನ್ನು ಹೇಳಿರಿ.